ರಮ್ಮಿಯ ಆಟದಲ್ಲಿ ಎಲೆ ಹಿಡಿಯುವ ಬಗೆಯೂ ಬಿಡುವ ಬಗೆಯೂ

ಇಸ್ಪೀಟಿನ ಎಲೆಗಳೆಂದೊಡನೆ ಮುಖ ತಿರುಗಿಸುವ ಹಿರಿಯರು ನಮ್ಮ ಮನೆಗಳಲ್ಲಿ ಈಗಲೂ ಉಂಟು. ಅವರ ಅಂಜಿಕೆಯು ನಿರಾಧಾರವಾದುದೆಂದು ನಾವು ಹೇಳಲಾರೆವು. ಎಲೆಯಾಟದಲ್ಲಿ ಹೊಲ ಮನೆಗಳನ್ನು ಕಳೆದುಕೊಂಡವರ ಕಥೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಆದರೂ ಬೇಸಗೆಯ ರಜೆಯಲ್ಲಿ, ಮಧ್ಯಾಹ್ನದ ಊಟ ಮುಗಿದು ಬಿಸಿಲು ಇಳಿಯುವ ವರೆಗೆ, ನಡುಮನೆಯಲ್ಲಿ ಜಮಖಾನ ಹಾಸಿ, ಹುಣಿಸೆಬೀಜಗಳನ್ನೇ ನಾಣ್ಯವಾಗಿಟ್ಟುಕೊಂಡು ಅತ್ತೆ, ಅಳಿಯ, ಮೊಮ್ಮಕ್ಕಳು ಒಟ್ಟಾಗಿ ಕುಳಿತು ಆಡುವ ರಮ್ಮಿಯು ಬೇರೆಯೇ ಒಂದು ವಸ್ತು. ಅದರಲ್ಲಿ ದುಡ್ಡಿಲ್ಲ, ಬುದ್ಧಿಗೆ ಮಾತ್ರ ಸಾಕಷ್ಟು ಕೆಲಸ ಉಂಟು. ಅದನ್ನು ಸುಮ್ಮನೆ ಅದೃಷ್ಟದ ಆಟವೆಂದು ಬಗೆದು ಮನಸ್ಸಿಗೆ ಬಂದಂತೆ ಎಲೆ ಎಸೆಯುವವರನ್ನು ಕಂಡು ನಮಗೆ ವ್ಯಸನವಾಗುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯಲು ತೊಡಗಿದ್ದೇವೆ.

ಅದೃಷ್ಟದ ಆಟವಲ್ಲವೆಂಬ ಮಾತು ನಮ್ಮೊಬ್ಬರದೇ ಅಲ್ಲ. ಸಿಕಂದರಾಬಾದಿನ ಕ್ಲಬ್ಬೊಂದರಲ್ಲಿ ರಮ್ಮಿ ಆಡುತ್ತಿದ್ದವರ ಮೇಲೆ ಹೂಡಿದ ಮೊಕದ್ದಮೆಯಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ತೀರ್ಪಿತ್ತು, ಬಿದ್ದ ಎಲೆಗಳನ್ನು ನೆನಪಿಡುವುದಕ್ಕೂ ಎಲೆಯನ್ನು ಹಿಡಿಯುವುದಕ್ಕೂ ಬಿಡುವುದಕ್ಕೂ ಸಾಕಷ್ಟು ಚಾತುರ್ಯ ಬೇಕಾದುದರಿಂದ ಇದು ಮುಖ್ಯವಾಗಿ ನೈಪುಣ್ಯದ ಆಟವೆಂದು ಹೇಳಿತು. ಮೂರೆಲೆಯ ಆಟವು ಹಾಗಲ್ಲವೆಂದೂ ಸೇರಿಸಿತು. ಆದರೆ ನೈಪುಣ್ಯವಿದ್ದ ಮಾತ್ರಕ್ಕೆ ಪಣವು ನಿರಪಾಯವಾಗದು. ಕೈಯಂತ್ರಗಳ ಮೂಲಕ ದುಡ್ಡಿಟ್ಟು ಆಡುವ ಆಟಗಳು ಮನೆ ಮನೆಗೂ ನುಗ್ಗಿದ ಮೇಲೆ, 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಶಾಸನವು ನೈಪುಣ್ಯ, ಅದೃಷ್ಟ ಎಂಬ ಭೇದವನ್ನೇ ಎಣಿಸದೆ ಅಂಥವನ್ನು ನಿಷೇಧಿಸಿತು. ನಾವು ಇಲ್ಲಿ ಹೇಳುವುದು ಹುಣಿಸೆಬೀಜದ ರಮ್ಮಿಯನ್ನು ಕುರಿತು ಮಾತ್ರ.

ಈ ಆಟದ ಮೂಲವು ನಮ್ಮ ದೇಶದಲ್ಲ. ಮೆಕ್ಸಿಕೋ ದೇಶದಲ್ಲಿ 19ನೆಯ ಶತಮಾನದಲ್ಲಿ, ಸ್ಪೇನಿನವರ 40 ಎಲೆಗಳ ಕಟ್ಟಿನಿಂದ ಆಡುತ್ತಿದ್ದ ಕಾನ್‌ಕಿಯನ್ ಎಂಬುದು ಇದೇ ಕುಲಕ್ಕೆ ಸೇರಿದ ಹಳೆಯ ಆಟ. ನಮ್ಮ ಮೈಸೂರಿನ ಅರಮನೆಯಲ್ಲಿಯೂ ಎಲೆಯಾಟಕ್ಕೆ ಗೌರವವಿದ್ದಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಛದ್ ಎಂಬ ಹೆಸರಿನ ಎಲೆಯಾಟಗಳನ್ನು ಕಲ್ಪಿಸಿದರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳ ವಿವರವುಂಟು. ಆದರೆ ಆ ಗಂಜೀಫದ ಪರಂಪರೆಯಲ್ಲಿ ದೊಡ್ಡ ಎಲೆಯು ಚಿಕ್ಕ ಎಲೆಯನ್ನು ಗೆಲ್ಲುವುದೇ ಕ್ರಮ. ರಮ್ಮಿಯಲ್ಲಿ ಯಾವ ಎಲೆಯೂ ಯಾವುದನ್ನೂ ಗೆಲ್ಲುವುದಿಲ್ಲ. ಇಲ್ಲಿ ಎಲೆಗೆ ಬೆಲೆ ಬರುವುದು ನೆರೆಯವರಿಂದ.

ನಿಯಮಗಳನ್ನು ಬಲ್ಲವರೇ ಹೆಚ್ಚಾದುದರಿಂದ ಅವನ್ನು ಚುಟುಕಾಗಿ ಹೇಳಿ ಮುಂದುವರಿಯುತ್ತೇವೆ. ಎರಡು ಕಟ್ಟುಗಳನ್ನು, ಕಟ್ಟಿಗೊಂದರಂತೆ ಎರಡು ಚಿತ್ರದ ಜೋಕರುಗಳೊಡನೆ ಕಲೆಸಿದರೆ 106 ಎಲೆಗಳಾಗುತ್ತವೆ. ಒಬ್ಬೊಬ್ಬರಿಗೆ 13 ಎಲೆ. ಒಂದೇ ಗುರುತಿನ ಮೂರು ಅಥವಾ ಹೆಚ್ಚು ಎಲೆಗಳ ಸಾಲು, ಇಲ್ಲವೆ ಬೇರೆ ಬೇರೆ ಗುರುತಿನ ಒಂದೇ ಸಂಖ್ಯೆಯ ಎಲೆಗಳ ಸೆಟ್ಟು, ಹೀಗೆ 13ನ್ನೂ ಹೊಂದಿಸಬೇಕು. ಎರಡು ಸಾಲುಗಳಾದರೂ ಇರಬೇಕು. ಅವುಗಳಲ್ಲಿ ಒಂದು ಜೋಕರಿನ ಸಹಾಯವಿಲ್ಲದ ಶುದ್ಧವಾದ ಸಾಲಾಗಿರಬೇಕು. ನಮ್ಮ ಕಡೆಯವರು ಇದನ್ನು ಲೈಫ್ ಎನ್ನುತ್ತಾರೆ. ಆ ಹೆಸರು ಅನ್ವರ್ಥವಾದುದೇ. ಕಟ್ಟಿನಿಂದ ಒಂದು ಎಲೆಯನ್ನು ಮಗುಚಿಟ್ಟು, ಆ ಸಂಖ್ಯೆಯ ಎಲೆಗಳೆಲ್ಲವನ್ನೂ ಜೋಕರೆಂದು ಎಣಿಸುವುದು ವಾಡಿಕೆ. ಸೋತವರ ಲೆಕ್ಕದಲ್ಲಿ ಎಕ್ಕ, ರಾಜ, ರಾಣಿ, ಗುಲಾಮಗಳಿಗೆ ಹತ್ತು ಹತ್ತು, ಉಳಿದವಕ್ಕೆ ಅವುಗಳ ಸಂಖ್ಯೆ, ಜೋಕರಿಗೆ ಸೊನ್ನೆ. ಎಷ್ಟಾದರೂ 80ಕ್ಕೆ ಮೀರುವುದಿಲ್ಲ. ಮೊದಲ ಸರದಿಯಲ್ಲಿಯೇ ಆಟ ಬಿಟ್ಟವರಿಗೆ 20, ನಡುವೆ ಬಿಟ್ಟವರಿಗೆ 40. ಲೈಫ್ ಆಗದೆ ಸೋತವರ ಕೈಯಲ್ಲಿ ಸೆಟ್ಟುಗಳಿದ್ದರೂ ಅವೂ ಲೆಕ್ಕಕ್ಕೆ ಬರುತ್ತವೆ. ಮೊದಲು ಲೈಫ್, ಆ ಮೇಲೆ ಉಳಿದುದೆಲ್ಲ ಎಂದು ಹಿರಿಯರು ಹೇಳುವುದು ಇದಕ್ಕೇ.

ಎಲೆಗಳಿಗೆ ನೆರೆಯವರಿಂದ ಬೆಲೆಯೆಂದೆವಷ್ಟೆ. ಲೆಕ್ಕ ಹಾಕಿ ನೋಡಿದರೆ ಒಂದು ಗುರುತಿನಲ್ಲಿ ಮೂರೆಲೆಯ ಸಾಲುಗಳು ಹನ್ನೆರಡು ಮಾತ್ರ: ಎಕ್ಕ-2-3ರಿಂದ ಮೊದಲಾಗಿ ರಾಣಿ-ರಾಜ-ಎಕ್ಕದ ವರೆಗೆ. ಇವುಗಳಲ್ಲಿ 3ರಿಂದ ರಾಣಿಯ ವರೆಗಿನ ಪ್ರತಿಯೊಂದು ಎಲೆಯೂ ಮೂರು ಸಾಲುಗಳಲ್ಲಿ ಸೇರುತ್ತದೆ. ಎಕ್ಕ, 2, ರಾಜ ಇವು ಎರಡರಲ್ಲಿ ಮಾತ್ರ. ಎಂದ ಮೇಲೆ ರಾಜನೂ ಎಕ್ಕನೂ ನೋಡುವುದಕ್ಕೆ ಘನವಾದ ಎಲೆಗಳಾದರೂ ಬಳಕೆಗೆ ಬಡವರು. ಸೋತಾಗ ಹತ್ತು ಅಂಕ ಹೊರಿಸುವುದರಲ್ಲಿ ಮಾತ್ರ ದೊಡ್ಡವರು.

ಜೋಡಿಗಳ ಲೆಕ್ಕವು ಇನ್ನೂ ಮುಖ್ಯ. ಇಸ್ಪೀಟು 7-8 ಕೈಯಲ್ಲಿದ್ದರೆ 6 ಬಂದರೂ ಆದೀತು, 9 ಬಂದರೂ ಆದೀತು. ಎರಡು ಕಟ್ಟಾದುದರಿಂದ ಒಟ್ಟು ನಾಲ್ಕು ಎಲೆಗಳು ನಮಗಾಗಿ ಇವೆ. 7-9 ಇದ್ದರೆ 8 ಒಂದೇ ದಾರಿ, ಎರಡೇ ಎಲೆಗಳು. ರಾಜ-ಎಕ್ಕ ಇದ್ದರೂ ಎರಡೇ. ಬೇರೆ ಬೇರೆ ಗುರುತಿನ ಎರಡು 8 ಇದ್ದರೆ ಉಳಿದ ಎರಡು ಗುರುತಿನ 8ಗಳು ನಾಲ್ಕು ಇವೆ. ಆದರೆ ಅದರಿಂದ ಆಗುವುದು ಸೆಟ್ಟೇ ಹೊರತು ಲೈಫ್ ಅಲ್ಲ. ಇಸ್ಪೀಟಿನ 8 ಎರಡು ಬಂದರಂತೂ ಒಂದು ಸೆಟ್ಟಿನಲ್ಲಿ ಎರಡೂ ಸೇರಲಾರವು. ಇದನ್ನು ಮರೆತು ಅವಳಿ ಎಲೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುವವರನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಎಲ್ಲಕ್ಕಿಂತ ಒಳ್ಳೆಯದು ಮೂರೆಲೆಗಳ ಮೂಲೆಗೂಡು. ಇಸ್ಪೀಟು 7-8ರ ಜೊತೆಗೆ ಆಟೀನಿನ 8 ಇದ್ದರೆ, ಸಾಲಿಗೆ ನಾಲ್ಕು, ಸೆಟ್ಟಿಗೆ ನಾಲ್ಕು, ಒಟ್ಟು ಎಂಟು ಎಲೆಗಳು ಕೆಲಸಕ್ಕೆ ಬರುತ್ತವೆ. ಒಂದೇ ಒಂದು ಎಲೆಯನ್ನು ಹೆಚ್ಚಾಗಿ ಹಿಡಿದುದರಿಂದ ದಾರಿಯು ಇಮ್ಮಡಿಯಾಯಿತು.

ಇನ್ನು ಜೋಕರಿನ ನೆರೆಯವರ ವಿಚಾರ. ಕಳಾವರು 4 ಮಗುಚಿ ಬಿದ್ದಿದೆಯೆಂದಿಟ್ಟುಕೊಳ್ಳೋಣ. ಉಳಿದ ಏಳು ನಾಲ್ಕುಗಳೂ ಎರಡು ಚಿತ್ರಗಳೂ ಸೇರಿ ಒಂಬತ್ತು ಜೋಕರುಗಳಾದವು. 4 ಬಂದವರು ಅದನ್ನು ಜೋಕರಾಗಿ ಬಳಸಲು ಇಚ್ಛಿಸುವರೇ ಹೊರತು 3-4-5ರ ನಡುವೆ ಕೂರಿಸಲು ಮನಸ್ಸು ಮಾಡರು. ಆದುದರಿಂದ 3, 5 ಇವುಗಳು ಇತರರಿಗೆ ಅಷ್ಟಾಗಿ ಬೇಡವಾದ ಎಲೆಗಳಾಗುತ್ತವೆ. ಕೆಳಗಿನವರಿಗೆ ಸಹಾಯವಾಗದಂತೆ ಎಸೆಯಬೇಕಾದಾಗ ಇವು ಸಾಮಾನ್ಯವಾಗಿ ನಿರಪಾಯ. ಆದರೆ ಡೈಮನ್ 3-5 ನಮ್ಮಲ್ಲಿದ್ದು ಡೈಮನ್ನಿನ 4 ತಾನೇ ಬಂದಿತೆಂದರೆ, ಅದು ತನ್ನ ಸ್ವಸ್ಥಾನದಲ್ಲಿ ಕೂತಿರುವುದರಿಂದ ಆ ಸಾಲು ಶುದ್ಧವೇ ಆಗುತ್ತದೆ. ಈ ಸೂಕ್ಷ್ಮವು ಬಹಳ ಜನಕ್ಕೆ ತಿಳಿಯದು.

ಆಟವನ್ನು ಆಡಬೇಕೇ ಬಿಡಬೇಕೇ ಎಂಬುದು ಮೊದಲ ಪ್ರಶ್ನೆ. ಅಲ್ಲಿಯೇ ಅರ್ಧ ಸೋಲು ಗೆಲುವು ಅಡಗಿದೆ. ನಾಲ್ವರ ಆಟದಲ್ಲಿ ಎಲ್ಲರೂ ಸಮಾನರೆಂದರೆ ನಾವು ಗೆಲ್ಲುವುದು ನಾಲ್ಕಕ್ಕೊಂದು ಸಲ. ಉಳಿದ ಮೂರು ಸಲ ಸೋಲು. ಪ್ರತಿ ಸಲವೂ ಬಿಟ್ಟುಬಿಟ್ಟರೆ ನಾಲ್ಕು ಆಟಕ್ಕೆ 80 ಅಂಕ ಹೋಗುತ್ತದೆ. ಆಡಿದುದರಿಂದ ಲಾಭವಾಗಬೇಕಾದರೆ ಆ ಮೂರು ಸೋಲುಗಳೂ ಕೂಡಿ 80ರೊಳಗೆ ನಿಲ್ಲಬೇಕು. ಎಂದರೆ ಸೋಲೊಂದಕ್ಕೆ 26, 27ನ್ನು ಮೀರಕೂಡದು. ಈ ಲೆಕ್ಕವನ್ನು ನಾವು ಮೊದಲು ಮಾಡಿದಾಗ ನಮಗೇ ಆಶ್ಚರ್ಯವಾಯಿತು. ಗೆಲ್ಲುವ ಆತುರಕ್ಕಿಂತ, ಸೋತರೆ ಎಷ್ಟಕ್ಕೆ ಸೋಲುತ್ತೇವೆಂಬ ಎಚ್ಚರವೇ ಈ ಆಟದಲ್ಲಿ ಹೆಚ್ಚು ಉಳಿಸುತ್ತದೆ. ಜೋಕರಿಲ್ಲದ, ಜೋಡಿಯೂ ಸರಿಯಾಗಿ ಕೂಡದ ಕೈಯನ್ನು ಅಭಿಮಾನಕ್ಕಾಗಿ ಹಿಡಿದು ಕೂರುವುದು ದುಬಾರಿ.

ಕಳೆದ ಬೇಸಗೆಯಲ್ಲಿ ನಮಗೆ ಬಂದ ಒಂದು ಕೈಯನ್ನು ಇಲ್ಲಿ ಬಿಡಿಸಿ ತೋರಿಸುತ್ತೇವೆ. ನಾವು ಸೋತ ಕೈಯಾದುದರಿಂದಲೇ ಅದು ಚೆನ್ನಾಗಿ ನೆನಪಿದೆ. ನಮ್ಮ ಎಡಕ್ಕೆ, ಎಂದರೆ ನಾವು ಎಸೆದ ಎಲೆಯನ್ನು ಎತ್ತುವ ಸ್ಥಾನದಲ್ಲಿ, ನಮ್ಮ ಸೋದರತ್ತೆ. ಅವರ ಆಚೆಗೆ ಭಾವಮೈದುನ. ನಮ್ಮ ಬಲಕ್ಕೆ ಆತನ ಪತ್ನಿ. ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಕನ್ನಡಕವನ್ನು ಹಣೆಗೇರಿಸಿ ಎಲೆ ನೋಡುವುದು ಅವರ ರೂಢಿ. ಕಳಾವರು 4 ಜೋಕರು. ತೆರೆದ ಎಲೆ ಇಸ್ಪೀಟು 2. ಮೊದಲ ಸರದಿ ನಮ್ಮದು. ನಮ್ಮ ಕೈ ಹೀಗಿತ್ತು: ಇಸ್ಪೀಟು 7, 8, ಜೋಕರಾದ 4, ಆಟೀನು 8, ರಾಣಿ, ರಾಜ, ಡೈಮನ್ ಎಕ್ಕ, 3, 5, ಗುಲಾಮ, ಕಳಾವರು 9, 10, ರಾಜ.

ಹಾಗೆಯೇ ಸೋತರೆ ಅಂಕಗಳು 100 ಆಗಿ, 80ಕ್ಕೆ ನಿಲ್ಲುತ್ತವೆ. ಆದರೂ ಬಿಡಬೇಕಾದ ಕೈಯಲ್ಲ. ಶುದ್ಧವಾದ ಸಾಲನ್ನು ಕೂಡಲೇ ಪೂರೈಸುವ ಎಲೆಗಳನ್ನು ಎಣಿಸಿದೆವು. ಇಸ್ಪೀಟು 6, 9 ನಾಲ್ಕು. ಕಳಾವರು 8, ಗುಲಾಮ ನಾಲ್ಕು. ಆಟೀನು ಗುಲಾಮ, ಎಕ್ಕ ನಾಲ್ಕು. ಡೈಮನ್ 2 ಎರಡು. ಡೈಮನ್ 4 ಎರಡು. ಒಟ್ಟು 16. ನಮ್ಮ ಕಣ್ಣಿಗೆ ಬೀಳದ ಎಲೆಗಳು 91. ಆರು ಸಲ ಎತ್ತಿದರೆ ಒಂದು ಸಲವೆಂಬ ಲೆಕ್ಕ. ಐದು ಸರದಿಗಳೊಳಗೆ ಲೈಫ್ ಆಗುವ ಸಂಭವವು 100ಕ್ಕೆ 60ರಷ್ಟಾಗುತ್ತದೆ. ಜೋಕರೂ ಒಂದಿದೆ. ಆಡಿದೆವು.

ಮೊದಲ ಸರದಿಯಲ್ಲಿ ಆಟೀನು 6 ಬಂದಿತು. 8ರ ಜೊತೆಗೆ ಇರಲೆಂದು ಇಟ್ಟುಕೊಂಡು ನೆರೆಹೊರೆಯಿಲ್ಲದ ಡೈಮನ್ ಗುಲಾಮನನ್ನು ಎಸೆದೆವು. ಅತ್ತೆಯವರು ಕನ್ನಡಕವನ್ನು ಹಣೆಗೇರಿಸಿ ಅದನ್ನು ಎತ್ತಿಕೊಂಡರು. ಭಾವಮೈದುನನು ತನ್ನ ಕೈಯನ್ನು ಒಮ್ಮೆ ನೋಡಿ, ಎಲೆಗಳನ್ನು ಬೋರಲು ಹಾಕಿ, 20 ಬೀಜಗಳನ್ನು ಎಣಿಸಿಟ್ಟು ಕಾಫಿಗೆ ಎದ್ದುಹೋದನು. ಎರಡನೆಯ ಸರದಿಯಲ್ಲಿ ನಮಗೆ ಇಸ್ಪೀಟು 9 ಬಂದು 7-8-9 ಲೈಫ್ ಆಯಿತು. ಕಳಾವರು 9-10ಕ್ಕೆ ಜೋಕರನ್ನು ಸೇರಿಸಿದರೆ ಎರಡನೆಯ ಸಾಲೂ ಆದಂತೆಯೇ. ಹಿಗ್ಗಿನಲ್ಲಿ, ಹತ್ತು ಅಂಕದ ಭಾರವಿಳಿಯಲೆಂದು ಡೈಮನ್ ಎಕ್ಕನನ್ನು ಎಸೆದೆವು. ಅತ್ತೆಯವರು ಅದನ್ನೂ ಎತ್ತಿಕೊಂಡರು.

ನಮ್ಮ ತಪ್ಪು ಇಲ್ಲಿಯದು. ಡೈಮನ್ ಗುಲಾಮನನ್ನು ಎತ್ತಿದವರು ಒಂದೋ ಗುಲಾಮರ ಸೆಟ್ಟು ಕಟ್ಟುತ್ತಿರಬೇಕು, ಇಲ್ಲವೆ ಡೈಮನ್ನಿನ ಮೇಲ್ಸಾಲನ್ನು ಕಟ್ಟುತ್ತಿರಬೇಕು. ಎರಡನೆಯದಾದರೆ ಎಕ್ಕವು ಅವರಿಗೆ ನೇರವಾಗಿ ಬೇಕಾದ ಎಲೆ. ಅದೇ ಹತ್ತು ಅಂಕವನ್ನು ಕಳಾವರು ರಾಜನನ್ನು ಎಸೆದೂ ಇಳಿಸಬಹುದಿತ್ತು. ಕಳಾವರಿನವನು ಡೈಮನ್ನಿನ ಸಾಲಿಗೆ ಸೇರುವಂತಿಲ್ಲ. ಆದರೆ ಆಟೀನು ರಾಣಿ-ರಾಜ, ಕಳಾವರು ರಾಜ ಎಂಬ ಮೂಲೆಗೂಡಿಗೆ ಎಂಟು ಎಲೆಗಳ ದಾರಿಯಿದೆಯೆಂದು ಎಣಿಸಿ ಅದನ್ನು ಮುದ್ದಿನಿಂದ ಉಳಿಸಿಕೊಂಡೆವು. ಆ ಎಂಟರಲ್ಲಿ ಎರಡು ಡೈಮನ್ ರಾಜರು. ಡೈಮನ್ನಿನ ಮೇಲ್ಸಾಲು ಅತ್ತೆಯವರ ಕೈಯಲ್ಲಿದ್ದರೆ ಅವರಲ್ಲೊಬ್ಬನು ಆಗಲೇ ಅಲ್ಲಿ ಸೆರೆಯಾಗಿದ್ದಾನೆಂಬುದು ನಮಗೆ ಹೊಳೆಯಲಿಲ್ಲ. ಇತರರು ಎತ್ತಿದ ಎಲೆಯು ಅವರ ಕೈಯ ಸಮಾಚಾರವನ್ನು ಹೇಳುವುದು ಮಾತ್ರವಲ್ಲ, ನಮ್ಮ ಕೈಯ ಬೆಲೆಯನ್ನೂ ತಿದ್ದುತ್ತದೆ. ನಾವು ಮೊದಲನೆಯದನ್ನೂ ಓದಲಿಲ್ಲ, ಎರಡನೆಯದನ್ನೂ ಓದಲಿಲ್ಲ.

ಮೂರನೆಯ ಸರದಿಯಲ್ಲಿ ಆಟೀನು 7 ಬಂದು 6-7-8 ಆಯಿತು. ಡೈಮನ್ 5 ಹೋಯಿತು. ನಾಲ್ಕನೆಯದರಲ್ಲಿ ಇಸ್ಪೀಟು 10 ಬಂದು ಮೊದಲ ಸಾಲು ನಾಲ್ಕೆಲೆಯದಾಯಿತು. ಡೈಮನ್ 3 ಹೋಯಿತು. ಈಗ ಹತ್ತೆಲೆ ಕೂಡಿದವು. ಉಳಿದುದು ರಾಣಿಯೂ ಇಬ್ಬರು ರಾಜರೂ. ಒಂದು ಎಲೆ ಬಂದರೆ ಆಟ ನಮ್ಮದು. ಜೋಕರುಗಳನ್ನೂ ಸೇರಿಸಿ ಎಣಿಸಿದರೆ ಐದು ಎಳೆತಕ್ಕೆ ಒಂದು ಬರಬೇಕು. ಐದನೆಯ ಸರದಿಯಲ್ಲಿ ಬರಲಿಲ್ಲ. ಆರನೆಯದರಲ್ಲಿಯೂ ಬರಲಿಲ್ಲ. ನಮ್ಮ ಹಿಂದೆಯೇ ಅತ್ತೆಯವರು ಒಂದೆಲೆ ಎತ್ತಿ, ಇನ್ನೊಂದನ್ನು ಬೋರಲು ಹಾಕಿ ಕೈಯನ್ನು ಹರಡಿದರು. ಡೈಮನ್ ಗುಲಾಮ, ರಾಣಿ, ರಾಜ, ಎಕ್ಕ, ಶುದ್ಧವಾದ ನಾಲ್ಕೆಲೆಯ ಸಾಲು, ಮೊದಲಲ್ಲಿಯೇ ಕಣ್ಣಿಗೆ ಹೊಡೆಯುವಂತಿತ್ತು.

“ಗುಲಾಮನನ್ನೂ ಕೊಟ್ಟೆ, ಎಕ್ಕನನ್ನೂ ಕೊಟ್ಟೆ. ನಾನೇನು ಬೇಡವೆನ್ನಲೇನಪ್ಪಾ?” ಎಂದರು.

ನಾವು 30 ಬೀಜಗಳನ್ನು ಎಣಿಸಿಕೊಟ್ಟೆವು. ಅಡಿಗೆಮನೆಯಿಂದ ಲೋಟ ಹಿಡಿದು ಬಂದ ಭಾವಮೈದುನನು ತನ್ನ 20ನ್ನೂ ನಮ್ಮ 30ನ್ನೂ ನೋಡಿ ಏನೂ ಹೇಳದೆ ನಕ್ಕನು. ಒಳ್ಳೆಯ ಕೈ ನಮಗೆ ಬಂದಿತ್ತು. ಕಡಿಮೆ ಸೋತವನು ಅವನು.

ಬಿದ್ದ ಎಲೆಗಳನ್ನೆಲ್ಲ ನೆನಪಿಡುವುದು ಹೇಗೆ ಎಂದು ಕೇಳುವವರಿದ್ದಾರೆ. ಎಲ್ಲವನ್ನೂ ನೆನಪಿಡಬೇಕಾದುದಿಲ್ಲ. ನಾವು ಕಾಯುವ ಎಲೆಗಳು ನಾಲ್ಕೋ ಎಂಟೋ. ಅವುಗಳಲ್ಲಿ ಎಷ್ಟು ಬಿದ್ದವೆಂಬುದು ಒಂದು. ನಮ್ಮ ಎಸೆತವನ್ನು ಎತ್ತುವವರು ಏನನ್ನು ಎತ್ತಿದರು, ಏನನ್ನು ಎಸೆದರು ಎಂಬುದು ಎರಡು. ಎದುರಿಗೆ ಕುಳಿತವರ ಎಸೆತವು ನಮಗೆ ದೊರೆಯದು, ನಮ್ಮ ಎಸೆತವು ಅವರಿಗೆ ದೊರೆಯದು. ಅವರ ಎಲೆಗಳಲ್ಲಿ ನಾವು ಕಾಯುವುದು ಸತ್ತಿದೆಯೇ ಎಂದು ನೋಡಿದರೆ ಸಾಕು. ಕೆಳಗಿನವರು ತಾವೇ ಆಟೀನು 9ನ್ನು ಎಸೆದಿದ್ದರೆ ಆಟೀನು 8, 10 ಅವರಿಗೆ ಬೇಕಾಗಿರುವ ಸಂಭವ ಕಡಿಮೆ. ಆ ದಾರಿಯಲ್ಲಿ ನಾವು ಎಸೆಯಬಹುದು.

ತೆರೆದ ರಾಶಿಯಿಂದ ಎತ್ತುವುದರಲ್ಲಿ ಜಿಪುಣತನವೇ ಲೇಸು. ಅತ್ತೆಯವರು ಗುಲಾಮನನ್ನು ಎತ್ತಿ ತಮ್ಮ ಗುಟ್ಟನ್ನು ಬಿಟ್ಟುಕೊಟ್ಟರು. ಅದು ಅವರ ಲೈಫ್ ಆದುದರಿಂದ ಬಿಟ್ಟುಕೊಟ್ಟುದು ಸರಿಯೇ. ಆದರೆ ಬರಿಯ ಜೋಡಿ ಮಾಡಿಕೊಳ್ಳುವುದಕ್ಕಾಗಿಯೋ, ಜೋಕರಿನಿಂದ ಆಗುವ ಸೆಟ್ಟಿಗಾಗಿಯೋ ತೆರೆದ ಎಲೆಯನ್ನು ಎತ್ತುವವನು ತನ್ನ ಕೈಯನ್ನು ಓದಿ ಹೇಳಿದಂತೆಯೇ. ಮುಚ್ಚಿದ ಕಟ್ಟಿನಿಂದ ಬಂದುದು ಯಾರಿಗೂ ಕಾಣದು.

ಗಾಳ ಹಾಕುವ ಉಪಾಯವೊಂದಿದೆ. ಆಟೀನು 7-8 ಹಿಡಿದು 9ನ್ನು ಕಾಯುತ್ತಿರುವವನು ತನ್ನಲ್ಲಿರುವ ಇಸ್ಪೀಟು 9ನ್ನು ಮೊದಲೇ ಎಸೆಯುತ್ತಾನೆ. ಬಲಗಡೆಯವರು, ‘ಇವನಿಗೆ ಒಂಬತ್ತುಗಳು ಬೇಡ’ವೆಂದು ನಂಬಿ ತಮ್ಮ ಆಟೀನು 9ನ್ನು ಎಸೆದರೆ ಗಾಳಕ್ಕೆ ಬಿದ್ದಂತೆ. ಚೆನ್ನಾಗಿ ಆಡುವವರ ನಡುವೆ ಇದು ಅರ್ಧದಷ್ಟು ಸಲವೂ ಫಲಿಸದು. ಮಕ್ಕಳ ಮೇಲೆ ಪ್ರಯೋಗಿಸಿದರೆ ಅವರು ಬೇಗ ಕಲಿತು ನಮ್ಮ ಮೇಲೆಯೇ ತಿರುಗಿಸುತ್ತಾರೆ. ನಮ್ಮ ಮನೆಯಲ್ಲಿ ಹಾಗೆಯೇ ಆಗಿದೆ.

ಕಡೆಯದಾಗಿ ಕೈ ಹರಡುವ ಮೊದಲು ಒಮ್ಮೆ ಎಣಿಸಿ ನೋಡಬೇಕೆಂಬುದನ್ನು ಹೇಳಬೇಕು. ತಪ್ಪಾಗಿ ಹರಡಿದವರಿಗೆ ಪೂರಾ 80. ಅದೇ ಬೇಸಗೆಯಲ್ಲಿ, ಹನ್ನೊಂದು ವರ್ಷದ ಹುಡುಗನೊಬ್ಬನು ಎಲ್ಲರಿಗಿಂತ ಮೊದಲು ಎಲೆಯನ್ನು ಬೋರಲು ಹಾಕಿ, ಎದೆಯುಬ್ಬಿಸಿ ಕೈಯನ್ನು ಹರಡಿದನು. ಆಟೀನು 5-6-7-8 ಇತ್ತು, ಒಂಬತ್ತುಗಳ ಸೆಟ್ಟು ಇತ್ತು, ಜೋಕರಿನ ಸಾಲೂ ಇತ್ತು. ನಾಲ್ಕನೆಯದು ಇಸ್ಪೀಟು ರಾಜ, ಎಕ್ಕ, 2. ಎಕ್ಕವು ರಾಜನ ಮೇಲೆ ಕೂರಬಹುದು, 2ರ ಕೆಳಗೂ ಕೂರಬಹುದು. ಎರಡನ್ನೂ ಒಮ್ಮೆಗೇ ಹಿಡಿದು ಸುತ್ತು ಹಾಕಲಾರದು ಎಂದು ಅತ್ತೆಯವರು ತಿಳಿಯಹೇಳಿದರು. ಹುಡುಗನು ಬಹಳ ಹೊತ್ತು ಆ ಮೂರು ಎಲೆಗಳನ್ನೇ ನೋಡುತ್ತಿದ್ದು, ಆ ಮೇಲೆ ಡಬ್ಬಿಯನ್ನು ಎಳೆದುಕೊಂಡು ಬೀಜಗಳನ್ನು ಒಂದೊಂದಾಗಿ ಎಣಿಸತೊಡಗಿದನು. ಅವನ ಡಬ್ಬಿಯಲ್ಲಿ ಇದ್ದುದು 64. ಉಳಿದ ಹದಿನಾರನ್ನು ಅತ್ತೆಯವರೇ ಸಾಲ ಕೊಟ್ಟರು.